ಚಳಿಯ ನಾಡಿನಲ್ಲಿ ಹಳೆಯ ಜೀಪು

ಪುಷ್ಯ ಮಾಸ ಕಾಲಿಟ್ಟಿತೆಂದರೆ ಊಟಿಯ ಹುಲ್ಲುಹಾಸಿನ ಮೇಲೆ ಮುಂಜಾನೆ ಬೆಳ್ಳನೆಯ ಹಿಮ ಕಾಣಿಸಿಕೊಳ್ಳುತ್ತದೆ. ಅಂಗಳದಲ್ಲಿ ನಿಂತ ಹಳೆಯ ಜೀಪಿಗೂ ಆಗ ನಮ್ಮಂತೆಯೇ ಎದ್ದೇಳಲು ಮನಸ್ಸಿರುವುದಿಲ್ಲ. ಅದನ್ನು ಎಬ್ಬಿಸುವ ಬಗೆಯನ್ನು ಅರಿತವರಿಗೆ ಮಾತ್ರ ಅದು ಒಲಿಯುತ್ತದೆ.

ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪಿನ ಸ್ಟಿಯರಿಂಗು ಎಡಗಡೆಗಿತ್ತು. ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪನ್ನು ನಮ್ಮ ದೇಶಕ್ಕೆ ತಂದದ್ದು 1947ರಲ್ಲಿ. ರಸ್ತೆಯ ಎಡಭಾಗದಲ್ಲಿ ಸಾಗುವ ನಮ್ಮಲ್ಲಿ ಎಡಗಡೆ ಕುಳಿತವನಿಗೆ ಕಂದಕದ ಅಂಚು ಚೆನ್ನಾಗಿ ಕಂಡೀತು. ಮುಂದಿನ ಲಾರಿಯ ಆಚೆ ಎದುರಾಗುವ ಬಸ್ಸು ಕಾಣದು. ಆದ್ದರಿಂದಲೇ ಯುದ್ಧಕಾಲದ ಜೀಪು ಕೊಂಡವರು ಸ್ಟಿಯರಿಂಗನ್ನು ಬಲಕ್ಕೆ ಹಾಕಿಸುವುದು ಒಳ್ಳೆಯದು. ಅದನ್ನು ನೋಂದಣಿ ಪತ್ರದಲ್ಲಿಯೂ ಬರೆಸಿಕೊಳ್ಳತಕ್ಕದ್ದು.

ಆ ಜೀಪುಗಳ ವಿದ್ಯುತ್ ವ್ಯವಸ್ಥೆ ಬರಿಯ 6 ವೋಲ್ಟಿನದು. ಚಳಿಯಲ್ಲಿ ಬ್ಯಾಟರಿಯ ಕಸುವು ಕುಗ್ಗುತ್ತದೆ, ಎಂಜಿನ್ನಿನ ಎಣ್ಣೆಯೂ ಮಂದವಾಗುತ್ತದೆ. ಬಲ್ಬು, ಡೈನಮೋ ಸಮೇತ 12 ವೋಲ್ಟಿಗೆ ಬದಲಿಸಿ, ಚಳಿಗೆ ತಕ್ಕ ತೆಳುವಾದ ಎಣ್ಣೆ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಕೂಲೆಂಟ್ ಬೆರೆಸಬೇಕು. ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊರಡಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಲಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.

ಊಟಿಯ ಎತ್ತರ ಸುಮಾರು 2240 ಮೀಟರು. ಇಲ್ಲಿಯ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಮುಕ್ಕಾಲು ಪಾಲಿಗಿಂತ ತುಸುವೇ ಹೆಚ್ಚು. ಗಾಳಿ ಕಡಮೆಯಾದಾಗ ಕಾರ್ಬ್ಯುರೇಟರು ಕೊಡುವ ಪೆಟ್ರೋಲು ಅತಿಯಾಗಿ, ಜೀಪು ಕಪ್ಪು ಹೊಗೆ ಕಾರುತ್ತ ಸೋಲುತ್ತದೆ. ಸಣ್ಣ ಜೆಟ್ ಹಾಕಿಸುವುದೇ ಇದಕ್ಕೆ ಮದ್ದು. ಬಯಲುಸೀಮೆಗೆ ಇಳಿದಾಗ ಮತ್ತೆ ಹಳೆಯ ಜೆಟ್ಟೇ ಬೇಕು.

ಇಷ್ಟೆಲ್ಲ ಮಾಡಿಸಿಯೂ ನಾವು ಒಮ್ಮೆ ಎಡವಿದೆವು. ಮಸಿನಗುಡಿಯ ಕಡೆಗೆ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಬಂದೆವು. ನಡುದಾರಿಯಲ್ಲಿ ಸುಟ್ಟ ವಾಸನೆ. ಮರುಗಳಿಗೆಗೆ ಬ್ರೇಕು ಹಿಡಿಯದಾಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಗುಡ್ಡದ ಬದಿಯ ಮಣ್ಣಿನ ದಿಬ್ಬವೊಂದು ನಮ್ಮನ್ನು ತಡೆದು ಉಳಿಸಿತು. ಕಾದ ಡ್ರಮ್ಮಿನಲ್ಲಿ ಬ್ರೇಕು ನಿಲ್ಲದೆಂಬ ಪಾಠವನ್ನು ಅಂದು ಕಲಿತೆವು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಬೆಟ್ಟದವರ ಹಳೆಯ ನಿಯಮ.

ಇನ್ನೊಂದು ಮಾತು. ರಸ್ತೆ ಇಕ್ಕಟ್ಟಾಗಿದ್ದರೆ ಇಳಿಯುವವನು ನಿಂತು, ಹತ್ತುವವನಿಗೆ ದಾರಿ ಬಿಡಬೇಕು. ಇದು ಬರಿಯ ಸೌಜನ್ಯವಲ್ಲ, ಕಾನೂನೂ ಹೌದು; ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವ ಕಷ್ಟವನ್ನು ಬಲ್ಲವರು ಮಾಡಿದ ಕಟ್ಟಳೆ.

ಜೀಪನ್ನು ಚಳಿಗೆ ಹೊಂದಿಸುವುದು ಮೆಕ್ಯಾನಿಕನ ಕೆಲಸ. ಬೆಟ್ಟಕ್ಕೆ ಹೊಂದಿಕೊಳ್ಳಬೇಕಾದವರು ನಾವೇ. ಮುಂದಿನ ರಜೆಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವ ನಮ್ಮ ಓದುಗರು ಇದನ್ನು ಮರೆಯದಿರಲಿ.