ತಾನಾಗಿ ಆರುವ ಸಿಗರೇಟು: ನಂಬಿದ್ದೆಷ್ಟು, ನಿಜವೆಷ್ಟು?

ಅಮೆರಿಕದಲ್ಲಿ ಮಾರುವ ಸಿಗರೇಟು ಪ್ಯಾಕಿನ ಮೇಲೆ ‘ಎಫ್‌ಎಸ್‌ಸಿ’ (ಫೈರ್ ಸ್ಟ್ಯಾಂಡರ್ಡ್ಸ್ ಕಂಪ್ಲಯಂಟ್, ಅಂದರೆ ಬೆಂಕಿ ಸುರಕ್ಷತೆಯ ಮಾನದಂಡಕ್ಕೆ ಒಪ್ಪುವಂಥದ್ದು) ಎಂಬ ಮೂರಕ್ಷರ ಇರುತ್ತದೆ. ಇದನ್ನು ನೋಡಿದ ಎಷ್ಟೋ ಜನ, ಈ ಸಿಗರೇಟಿನಿಂದ ಬೆಂಕಿ ಹೊತ್ತಿಕೊಳ್ಳುವುದೇ ಇಲ್ಲ ಎಂದುಕೊಳ್ಳುತ್ತಾರೆ. ಇಂಥ ಸಿಗರೇಟನ್ನು ಕಡ್ಡಾಯ ಮಾಡಿದ ಕಾನೂನು ಅಷ್ಟು ದೊಡ್ಡ ಭರವಸೆ ಕೊಟ್ಟೇ ಇಲ್ಲ.

ಸಿಗರೇಟಿನ ಕಾಗದದಲ್ಲಿ ಎರಡು ಮೂರು ಕಡೆ ದಪ್ಪನೆಯ ಪಟ್ಟಿಗಳಿರುತ್ತವೆ. ಅಲ್ಲಿ ಗಾಳಿ ಒಳಗೆ ಹೋಗುವುದು ಕಡಿಮೆ. ದಮ್ಮು ಎಳೆಯದೆ ಬಿಟ್ಟರೆ ಕೆಂಡ ಪಟ್ಟಿಯ ಬಳಿ ಬಂದು ಆರಬೇಕು. ಆದರೆ ಪಟ್ಟಿ ಸಿಗುವವರೆಗೆ ಅದು ಉರಿಯುತ್ತಲೇ ಇರುತ್ತದೆ. ಪರೀಕ್ಷೆಯ ನಿಯಮ ನೋಡಿ: ಹತ್ತು ಪದರ ಫಿಲ್ಟರ್ ಕಾಗದದ ಮೇಲೆ ಒಂದೊಂದಾಗಿ 40 ಸಿಗರೇಟು ಹೊತ್ತಿಸಿ ಇಡುತ್ತಾರೆ. ಅದರಲ್ಲಿ 10 ಕೊನೆಯವರೆಗೆ ಉರಿದರೂ ಪಾಸು! ಅದೂ ಗಾಳಿಯಾಡದ ಪೆಟ್ಟಿಗೆಯೊಳಗೆ. ನಿಮ್ಮ ಸೋಫಾ, ಹಾಸಿಗೆ, ಒಣಹುಲ್ಲು ಯಾವುದೂ ಆ ಪರೀಕ್ಷೆಯಲ್ಲಿಲ್ಲ.

ಹಾಗಾದರೆ ಇದೆಲ್ಲ ಬರೀ ಕಣ್ಣೊರೆಸುವ ತಂತ್ರವೇ? ಅದೂ ಅಲ್ಲ. 2004ರಲ್ಲಿ ನ್ಯೂಯಾರ್ಕ್‌ ರಾಜ್ಯದಲ್ಲಿ ಈ ನಿಯಮ ಜಾರಿಯಾದ ಮೇಲೆ ಹಾರ್ವರ್ಡ್‌ನ ಸಂಶೋಧಕರು ಹೋಲಿಸಿ ನೋಡಿದರು. ನಿಯಮವಿಲ್ಲದ ರಾಜ್ಯಗಳ ಸಿಗರೇಟು ಹೆಚ್ಚುಕಡಿಮೆ ಎಲ್ಲವೂ ಪೂರ್ತಿ ಉರಿದವು. ನ್ಯೂಯಾರ್ಕಿನವು ಸುಮಾರು ನೂರಕ್ಕೆ ಹತ್ತು ಮಾತ್ರ. ಜನ ಸಿಗರೇಟು ಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ ಎಂಬ ಭಯವೂ ನಿಜವಾಗಲಿಲ್ಲ.

ಇದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್‌ವುಡ್‌ನಲ್ಲಿ ಸಿಗರೇಟಿನ ಕಿಡಿಗೆ ಒಂದೇ ಮನೆಯ ಏಳು ಜನ ಬಲಿಯಾದರು. ಆ ಭಾಗದ ಸಂಸದ ಜೋ ಮೋಕ್ಲಿ ತಾನಾಗಿ ಆರುವ ಸಿಗರೇಟು ಕಡ್ಡಾಯವಾಗಬೇಕೆಂದು ಅಂದಿನಿಂದ ಪಟ್ಟು ಬಿಡಲಿಲ್ಲ. ಸಂಸತ್ತು ಅಧ್ಯಯನಗಳಿಗೆ ಒಪ್ಪಿತೇ ಹೊರತು ಕಡ್ಡಾಯ ಮಾಡಲಿಲ್ಲ. ತಂಬಾಕು ಕಂಪನಿಗಳ ಪ್ರಭಾವ ಎಷ್ಟಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ರಾಜ್ಯಗಳೇ ಮುಂದಾದವು. ನ್ಯೂಯಾರ್ಕ್ ದಾರಿ ತೋರಿಸಿತು. 2011ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಕಾನೂನು ಜಾರಿಗೆ ಬಂತು. ಕೆನಡಾ ಮಾತ್ರ 2005ರಲ್ಲೇ ಇಡೀ ದೇಶಕ್ಕೆ ಒಂದೇ ನಿಯಮ ಮಾಡಿ ಮುಗಿಸಿತ್ತು.

‘ಬೆಂಕಿಗೆ ಸುರಕ್ಷಿತ’ ಎಂದರೆ ಶ್ವಾಸಕೋಶಕ್ಕೂ ಸುರಕ್ಷಿತ ಎನ್ನುವವರಿಗೆ ಒಂದೇ ಮಾತು: ಹೊಗೆ ಅದೇ, ವಿಷವೂ ಅದೇ.

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಸೇದುವವರಿದ್ದರೆ ಹಾಸಿಗೆಯಲ್ಲಿ ಸೇದಬೇಡಿ. ತುಂಡು ತಾನಾಗಿ ಆರುತ್ತದೆ ಎಂದು ಕಸದ ಬುಟ್ಟಿಗೆ ಹಾಕದೆ, ನೀರಿನಲ್ಲಿ ಅದ್ದಿ ಎಸೆಯಿರಿ.