ಡಂಜೊ ನಿಂತುದೇಕೆ?

ಮನೆಯಲ್ಲಿ ಮರೆತ ಬೀಗದ ಕೈಯನ್ನು ಮಂಗಳೂರಿನಲ್ಲಿ ನಾವು ಗುರುತಿನ ಬಸ್ ಕಂಡಕ್ಟರರ ಕೈಯಲ್ಲಿ ಕಳುಹಿಸುವುದುಂಟು. ಬೆಂಗಳೂರಿನ ಡಂಜೊ ಸಂಸ್ಥೆಯು ಇಂಥ ಚಿಲ್ಲರೆ ಕೆಲಸಗಳನ್ನೇ ವಾಟ್ಸಾಪಿನಲ್ಲಿ ಕೇಳಿ ಮಾಡಿಕೊಡುತ್ತ ಹುಟ್ಟಿತು. ಜನ ಮೆಚ್ಚಿದ್ದೂ ಅದನ್ನೇ. 2017ರಲ್ಲಿ ಗೂಗಲ್ ಬಂಡವಾಳ ಹಾಕಿತು. ಆಮೇಲೆ ಅದು ದಿನಸಿಯನ್ನು ನಿಮಿಷಗಳಲ್ಲಿ ಮುಟ್ಟಿಸುವ ಪೈಪೋಟಿಗಿಳಿದು, ಬಡಾವಣೆಗಳಲ್ಲಿ ಉಗ್ರಾಣ ತೆರೆಯಿತು. ಬಾಡಿಗೆ, ದಾಸ್ತಾನು, ರಿಯಾಯಿತಿ ಎಂದು ಖರ್ಚು ಏರಿತು. ಬೀಗದ ಕೈಯ ಗಿರಾಕಿ ಮೂಲೆಗೆ ಬಿದ್ದ. 2022ರ ಜನವರಿಯಲ್ಲಿ ರಿಲಯನ್ಸ್ ರಿಟೇಲ್ 20 ಕೋಟಿ ಡಾಲರ್ ಹೂಡಿ ಶೇಕಡಾ 25.8 ಪಾಲು ಪಡೆದಾಗ ಆಸರೆ ಸಿಕ್ಕಿತೆಂದೇ ತೋರಿತು. ಆದರೆ ದಿನಸಿ ವ್ಯಾಪಾರ ರಿಲಯನ್ಸಿನದೂ ಹೌದಲ್ಲವೇ? ತನಗೂ ಅದೇ ಅಂಗಡಿಯಿರುವ ಪಾಲುದಾರ ಎಷ್ಟು ದಿನ ಕೈಹಿಡಿದಾನು? 2023ರಲ್ಲಿ ಸಂಬಳ ತಡವಾಯಿತು, ಉಗ್ರಾಣಗಳು ಮುಚ್ಚತೊಡಗಿದವು. 2025ರ ಜನವರಿಯಲ್ಲಿ ಆ್ಯಪ್ ನಿಂತೇ ಹೋಯಿತು.