ಬೇಸಿಗೆಯ ಹಳ್ಳದಲ್ಲಿ ಯಾವ ವರ್ಷದ ಮಳೆ?



ಮಲೆನಾಡಿನ ಕಡೆಯವರಾದರೆ ನಿಮಗೆ ಗೊತ್ತೇ ಇದೆ. ಮಳೆ ನಿಂತು ನಾಲ್ಕು ತಿಂಗಳಾದರೂ ಗುಡ್ಡದ ಬುಡದ ಹಳ್ಳ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಫೆಬ್ರವರಿಯಲ್ಲಿ ನಿಮ್ಮ ಹಸು ಕುಡಿಯುವ ಆ ನೀರು ಯಾವ ಮಳೆಯದು? ಕಳೆದ ಮುಂಗಾರಿನದಿರಬಹುದು, ಅದಕ್ಕಿಂತ ಹಳೆಯದೂ ಇರಬಹುದು.

ಇದನ್ನು ವರ್ಷಗಟ್ಟಲೆ ಅಳೆದು ನೋಡಿದ ಒಂದು ಜಾಗ ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಪ್ಲಿನ್‌ಲಿಮನ್ ಬೆಟ್ಟ. ಸೆವರ್ನ್, ವೈ ನದಿಗಳು ಹುಟ್ಟುವ, ಕುರಿ ಮೇಯುವ ಗುಡ್ಡಗಾಡು. ಅಲ್ಲಿನ ಮಳೆಯಲ್ಲಿ ಕಡಲಿನ ಉಪ್ಪಿನಂಶವಿರುತ್ತದೆ. ಒಂದು ಮಳೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಹಳ್ಳದ ನೀರಿನಲ್ಲಿ ಮಾತ್ರ ಆ ಏರಿಳಿತ ಬಹುಮಟ್ಟಿಗೆ ಅಡಗಿಹೋಗುತ್ತದೆ. ಹೊಸ ಮಳೆ ನೆಲದೊಳಗಿನ ಹಳೆಯ ನೀರಿನೊಡನೆ ಬೆರೆಯುವುದೇ ಕಾರಣ. ಜೇಮ್ಸ್ ಕಿರ್ಚ್ನರ್ ಮತ್ತು ಸಂಗಡಿಗರು 2000ರಲ್ಲಿ ಇದರ ಲೆಕ್ಕ ಬಿಡಿಸಿದರು: ಮಳೆಯೊಂದಿಗೆ ಬಿದ್ದದ್ದರಲ್ಲಿ ಒಂದಷ್ಟು ಬೇಗ ಹಳ್ಳ ಸೇರುತ್ತದೆ, ಉಳಿದದ್ದು ಚೂರುಚೂರಾಗಿ ಬಹುಕಾಲ ಬರುತ್ತಲೇ ಇರುತ್ತದೆ.

ಮಳೆ ಹೊಡೆದ ಕೂಡಲೇ ಹಳ್ಳ ಏರುತ್ತದಲ್ಲ ಎನ್ನುತ್ತೀರಿ. ನಿಜ. ನೀರು ತುಂಬಿದ ಉದ್ದನೆಯ ಪೈಪಿಗೆ ಈ ತುದಿಯಲ್ಲಿ ನಲ್ಲಿ ಬಿಟ್ಟರೆ ಆ ತುದಿಯಲ್ಲಿ ತಕ್ಷಣ ನೀರು ಬರುತ್ತದೆ, ಆದರೆ ಬರುವುದು ಪೈಪಿನೊಳಗೆ ಮೊದಲೇ ಇದ್ದ ನೀರು. ಗುಡ್ಡವೂ ಹೆಚ್ಚುಕಡಿಮೆ ಹಾಗೆಯೇ. 2016ರಲ್ಲಿ ಪ್ರಪಂಚದ 254 ನದಿಗಳನ್ನು ನೋಡಿದಾಗ, ಹರಿಯುವ ನೀರಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಮೂರು ತಿಂಗಳಿಗಿಂತ ಹೊಸದಾಗಿತ್ತು. ಕಡಿದಾದ ಬೆಟ್ಟಗಳಲ್ಲಿ ಆ ಪಾಲು ಇನ್ನೂ ಕಡಿಮೆ.

ಈಗ ನಿಮ್ಮ ಗೊಬ್ಬರಗುಂಡಿಯತ್ತ ಬನ್ನಿ. ಹಳ್ಳದ ಮೇಲಿನ ಇಳಿಜಾರಿನಲ್ಲಿ ಗುಂಡಿ ಇದ್ದರೆ, ಗಂಜಲ ಹರಿದು ಇಂಗುತ್ತಿದ್ದರೆ, ಅದರ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಇಳಿಯುತ್ತದೆ. ಗುಂಡಿಯನ್ನು ಈ ವರ್ಷ ಸರಿಸಿದರೂ ಕೆಳಗಿನ ಒರತೆ ಈ ವರ್ಷವೇ ತಿಳಿಯಾಗುತ್ತದೆ ಎನ್ನುವಂತಿಲ್ಲ. ಅದಕ್ಕೇ ಬೇಗ ಸರಿಸಬೇಕು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನಮ್ಮ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಸುವಿಗೆ ನೈಟ್ರೇಟ್ ಹೆಚ್ಚಾಗಿ ಮೇವಿನಿಂದ ಬರುತ್ತದೆ, ನೀರಿನದೂ ಸೇರಿದರೆ ಹೊರೆ ಏರುತ್ತದೆ. ಏದುಸಿರು, ಕಂದುಗಟ್ಟಿದ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ನೀರು ಪರೀಕ್ಷೆಗೆ ಕೊಡುವಾಗ ಎರಡು ಬಾಟಲಿ ಕೊಡಿ: ಒಂದು ಕಡು ಬೇಸಿಗೆಯದು, ಇನ್ನೊಂದು ಮೊದಲ ಜೋರು ಮಳೆಯ ಮಾರನೆಯ ದಿನದ್ದು. ಬಾಟಲಿಯ ಮೇಲೆ ತಾರೀಕು ಬರೆಯಲು ಮರೆಯಬೇಡಿ.